ಮಗನ ಕೈ ಸದಾ ಏನನ್ನಾದರೂ ಸವರುತ್ತಿರುತ್ತದೆ. ಬಿಡಿಸಬೇಕಾ, ಹಾಗೇ ಬಿಡಬೇಕಾ?

ಚೌಕಿಪೇಟೆ ಅಮ್ಮ:

ಎಲ್ಲರಿಗೂ ನಮಸ್ಕಾರ. ನಮ್ಮದು ದಾವಣಗೆರೆ. ಮಗನಿಗೆ 9 ವರ್ಷ, ಆಟಿಸಂ ಇದೆ. ಮಾತು ಕಡಿಮೆ, ಎರಡು ಮೂರು ಪದ ಸೇರಿಸಿ ಹೇಳುತ್ತಾನೆ. ಅವನ ಕೈಯ ಬಗ್ಗೆ ಕೇಳಬೇಕಿತ್ತು.

ಸೆರಗು ಸಿಕ್ಕರೆ ಸಾಕು, ಹೆಬ್ಬೆರಳು ತೋರುಬೆರಳ ನಡುವೆ ಅಂಚು ಹಿಡಿದು ಉಜ್ಜುತ್ತಾನೆ. ಜರಿ ಅಂಚೇ ಆಗಬೇಕು. ಸಾದಾ ಕಾಟನ್ ಆದರೆ ಒಮ್ಮೆ ಸವರಿ ಬಿಟ್ಟುಬಿಡುತ್ತಾನೆ. ಬೆರಳು ಅಂಚಿನುದ್ದಕ್ಕೂ ನಿಧಾನಕ್ಕೆ ಸರಿಯುತ್ತದೆ. ಹೊಲಿಗೆಯ ಗಂಟು ಸಿಕ್ಕ ಕಡೆ ನಿಂತು ಅದನ್ನೇ ತಿರುವುತ್ತದೆ. ರಾತ್ರಿ ಮಲಗುವಾಗ ನನ್ನ ಕಿವಿಯ ಹಾಲೆ ಬೇಕು. ಬೇಸಿಗೆಯಲ್ಲಿ ಬೀರುವಿನ ಬಾಗಿಲಿಗೆ ಕೆನ್ನೆ ಒತ್ತಿ ನಿಲ್ಲುತ್ತಾನೆ. ಎ.ಪಿ.ಎಂ.ಸಿ.ಯಲ್ಲಿ ನಮ್ಮಣ್ಣನ ಅಂಗಡಿ ಇದೆ. ಅಲ್ಲಿಗೆ ಹೋದರೆ ಮೆಕ್ಕೆಜೋಳದ ರಾಶಿಯೊಳಗೆ ಎರಡೂ ಕೈ ಮೊಣಕೈತನಕ ಇಳಿಸಿ ಕೂತುಬಿಡುತ್ತಾನೆ. ಅಷ್ಟು ನೆಮ್ಮದಿಯ ಮುಖ ಬೇರೆ ಹೊತ್ತಿನಲ್ಲಿ ನಾನು ನೋಡಿಲ್ಲ.

ನೆಂಟರು "ಈಗಲೇ ಬಿಡಿಸು, ಆಮೇಲೆ ಕಷ್ಟ" ಅಂತಾರೆ. ಶಾಲೆಯಲ್ಲಿ ಕೈ ಕಟ್ಟಿ ಕೂರಿಸುತ್ತಾರೆ. ಕೈ ಕಟ್ಟಿಸಿದ ದಿನ ಅವನು ಪಾಠದ ಒಂದಕ್ಷರವನ್ನೂ ತಲೆಗೆ ಹಾಕಿಕೊಳ್ಳುವುದಿಲ್ಲ, ಮನೆಗೆ ಬಂದ ಮೇಲೆ ಅಳು. ಇದರ ಮೇಲೆ ಹೊಸ ಚಿಂತೆ ಒಂದು ಬಂದಿದೆ. ಒಂದು ಮದುವೆಯಲ್ಲಿ ಮುಂದೆ ಕೂತಿದ್ದ ಗುರುತಿಲ್ಲದ ಹೆಂಗಸಿನ ಸೆರಗು ಹಿಡಿದು ಉಜ್ಜಿದ. ಅವರು ಬೆಚ್ಚಿಬಿದ್ದು ಕೂಗಿಕೊಂಡರು. ಅವರದು ತಪ್ಪಲ್ಲ. ಆದರೆ ಇವನು ಬೆಳೆಯುತ್ತಿದ್ದಾನೆ.

ಯಾವುದನ್ನು ಬಿಡಬೇಕು, ಯಾವುದನ್ನು ತಿದ್ದಬೇಕು, ಹೇಗೆ? ಅನುಭವ ಇದ್ದವರು ದಯವಿಟ್ಟು ಹೇಳಿ.

ಹರಿಹರದ ಅಪ್ಪ:

ಅಕ್ಕಾ, ನಮ್ಮ ಮಗಳದು ಬಾಯಿ. ಕುರ್ತಾದ ಕಾಲರ್ ಅಗಿಯುತ್ತಾಳೆ, ಮಧ್ಯಾಹ್ನದ ಹೊತ್ತಿಗೆ ಎದೆತನಕ ಒದ್ದೆ. ಜೊತೆಗೆ ಬಳಪ ತಿನ್ನುತ್ತಿದ್ದಳು, ಗೋಡೆಯ ಸುಣ್ಣ ಕೆರೆಯುತ್ತಿದ್ದಳು. ಎಲ್ಲ ಆಟಿಸಂನಿಂದಲೇ ಅಂತ ನಾವು ಅಂದುಕೊಂಡಿದ್ದೆವು. ಮಕ್ಕಳ ಡಾಕ್ಟರು ರಕ್ತ ಪರೀಕ್ಷೆ ಮಾಡಿಸಿದರು, ಕಬ್ಬಿಣದ ಅಂಶ ತೀರಾ ಕಡಿಮೆ ಇತ್ತು. ಸಿರಪ್ ಶುರುವಾದ ಮೇಲೆ ಬಳಪ, ಸುಣ್ಣ ಎರಡೂ ಬಿಟ್ಟುಹೋದವು. ಕಾಲರ್ ಮಾತ್ರ ಹಾಗೇ ಇದೆ.

ಇನ್ನೊಂದು ವಿಷಯ ನನಗೆ ಅರ್ಥವೇ ಆಗಲ್ಲ. ಬಿಗಿಯಾಗಿ ಅಪ್ಪಿಕೊಂಡರೆ ಇವಳಿಗೆ ಖುಷಿ. ತಲೆಗೆ ಎಣ್ಣೆ ಹಚ್ಚಲು ಹೋದರೆ ಬೀದಿಗೆ ಕೇಳುವಂತೆ ಕಿರುಚುತ್ತಾಳೆ. ಸ್ಪರ್ಶ ಬೇಕಾ ಬೇಡವಾ ಈ ಮಗುವಿಗೆ?

ಥೆರಪಿಸ್ಟ್, ದಾವಣಗೆರೆ:

ನಾನು ಆಕ್ಯುಪೇಷನಲ್ ಥೆರಪಿಸ್ಟ್, ಅಂದರೆ ದಿನನಿತ್ಯದ ಕೆಲಸಗಳು ಸುಲಭವಾಗುವಂತೆ ಅಭ್ಯಾಸ ಮಾಡಿಸುವವಳು. ಮಗುವನ್ನು ನೋಡದೆ ಇದೇ ಅಂತ ಹೇಳುವುದು ತಪ್ಪಾಗುತ್ತದೆ. ಆದರೆ ಇಬ್ಬರೂ ಇಷ್ಟು ಚೆನ್ನಾಗಿ ಗಮನಿಸಿ ಬರೆದಿದ್ದೀರಿ, ಅರ್ಧ ಕೆಲಸ ಅಲ್ಲೇ ಆಗಿದೆ.

ಹರಿಹರದ ಸರ್, ನಿಮ್ಮ ಪ್ರಶ್ನೆಯಿಂದಲೇ ಶುರು ಮಾಡುತ್ತೇನೆ. ಹಗುರವಾಗಿ ತಾಗುವುದು, ಗಟ್ಟಿಯಾಗಿ ಒತ್ತುವುದು, ತಂಪು, ಬಿಸಿ, ನೋವು ಇವಕ್ಕೆಲ್ಲ ಚರ್ಮದಲ್ಲಿ ಬೇರೆ ಬೇರೆ ನರದ ತುದಿಗಳಿವೆ. ಸ್ನಾಯು ಮತ್ತು ಕೀಲುಗಳಿಂದ ಬರುವ ಸುದ್ದಿ ಇನ್ನೊಂದು ಬಗೆ. ಕಣ್ಣು ಮುಚ್ಚಿದರೂ ನಮ್ಮ ಕೈ ಎಲ್ಲಿದೆ, ಎಷ್ಟು ಜೋರಾಗಿ ಒತ್ತುತ್ತಿದೆ ಅಂತ ಗೊತ್ತಾಗುವುದು ಅದರಿಂದ. ಆಟಿಸಂ ಇರುವವರಲ್ಲಿ ಇದರಲ್ಲಿ ಒಂದು ತೀರಾ ಜೋರಾಗಿ, ಇನ್ನೊಂದು ತೀರಾ ಮಂಕಾಗಿ ಅನುಭವಕ್ಕೆ ಬರಬಹುದು. ಒಂದೇ ಮಗುವಿನಲ್ಲಿ ಎರಡೂ ಇರಬಹುದು. ಅಮೆರಿಕದ ಮನೋವೈದ್ಯರ ಸಂಘ 2013ರಲ್ಲಿ ಡಿ.ಎಸ್.ಎಂ-5 ಅನ್ನುವ, ಡಾಕ್ಟರುಗಳು ಇಂಥ ಸ್ಥಿತಿಗಳನ್ನು ಗುರುತಿಸಲು ಬಳಸುವ ಕೈಪಿಡಿ ಹೊರತಂದಾಗ ಆಟಿಸಂನ ಲಕ್ಷಣಗಳ ಸಾಲಿಗೆ ಇದನ್ನೂ ಸೇರಿಸಿತು. ಎಣ್ಣೆ ಹಚ್ಚುವಾಗ ಬೆರಳು ಹಗುರವಾಗಿ, ಎಲ್ಲೆಲ್ಲೋ, ಹೇಳದೆ ಕೇಳದೆ ತಾಗುತ್ತದೆ. ಅಪ್ಪುಗೆ ಗಟ್ಟಿ, ಒಂದೇ ಸಮ. ಅವಳಿಗೆ ಸ್ಪರ್ಶ ಬೇಕು, ಆ ಬಗೆಯದು ಬೇಕು. ಎಣ್ಣೆ ಹಚ್ಚುವಾಗ ಅಂಗೈ ಪೂರ್ತಿ ಇಟ್ಟು ಒತ್ತಿ ಹಚ್ಚಿ ನೋಡಿ. ಎಷ್ಟು ಸಲ ಅಂತ ಮೊದಲೇ ಹೇಳಿ, ಎಣಿಸುತ್ತಾ ಹಚ್ಚಿ. ಸಾಧ್ಯವಾದರೆ ಅವಳ ಕೈಯಿಂದಲೇ ಹಚ್ಚಿಸಿ.

ಯಾಕೆಂದರೆ ತಾನೇ ಮುಟ್ಟುವುದಕ್ಕೂ ಬೇರೆಯವರು ಮುಟ್ಟುವುದಕ್ಕೂ ಮಿದುಳಿನ ಲೆಕ್ಕ ಬೇರೆ. ನಮಗೆ ನಾವೇ ಕಚಗುಳಿ ಇಟ್ಟುಕೊಂಡರೆ ನಗು ಬರುವುದಿಲ್ಲ ಅಲ್ವಾ? ನಮ್ಮ ಕೈ ಏನು ಮಾಡಲಿದೆ ಅಂತ ಮಿದುಳಿಗೆ ಮೊದಲೇ ಗೊತ್ತಿರುತ್ತದೆ. ಗದ್ದಲ, ಬೆಳಕು, ಜನ ಯಾವುದೂ ಈ ಮಕ್ಕಳ ಹಿಡಿತದಲ್ಲಿ ಇರುವುದಿಲ್ಲ. ಬೆರಳ ನಡುವಿನ ಜರಿ ಅಂಚು ಮಾತ್ರ ಪ್ರತಿ ಸಲ ಅವರು ಅಂದುಕೊಂಡ ಹಾಗೇ ಇರುತ್ತದೆ. ಚೌಕಿಪೇಟೆ ಅಮ್ಮ, ನಿಮ್ಮ ಮಗ ಹುಡುಕುತ್ತಿರುವುದು ಅದನ್ನೇ ಇರಬಹುದು. ಜೋಳದ ರಾಶಿಯಲ್ಲಿ ತಂಪೂ ಇದೆ, ಸುತ್ತಲಿನಿಂದ ಸಮನಾದ ಒತ್ತಡವೂ ಇದೆ. ಕೆನ್ನೆ ಒತ್ತುವುದೂ ಅದೇ ಜಾತಿ.

ಒಂದು ಕೆಲಸ ಮಾಡಿ. ಸ್ವಲ್ಪ ದಿನ ಒಂದು ನೋಟ್ ಪುಸ್ತಕದಲ್ಲಿ ಬರೆದಿಡಿ. ಯಾವಾಗ ಉಜ್ಜಿದ, ಅದಕ್ಕೆ ಮುಂಚೆ ಏನಾಗಿತ್ತು, ಆಮೇಲೆ ಹೇಗಿದ್ದ, ಅಷ್ಟು ಸಾಕು. ಗದ್ದಲದಲ್ಲಿ ಜಾಸ್ತಿಯೋ, ಸುಮ್ನೆ ಕೂತಾಗ ಜಾಸ್ತಿಯೋ, ಹಸಿವಿನಲ್ಲೋ ನಿದ್ದೆಯಲ್ಲೋ ಅಂತ ತಿಳಿದರೆ ದಾರಿ ಕಾಣುತ್ತದೆ.

ಬಳಪ, ಮಣ್ಣು, ಸುಣ್ಣ ತಿನ್ನುವ ಮಗುವಿಗೆ ರಕ್ತ ಪರೀಕ್ಷೆ ಮಾಡಿಸಲೇಬೇಕು. ಹಳೆಯ ಬಣ್ಣದ ಚಕ್ಕೆ ತಿನ್ನುತ್ತಿದ್ದರೆ ಸೀಸದ ಅಪಾಯವೂ ಇದೆ, ಅದನ್ನೂ ಡಾಕ್ಟರಿಗೆ ಹೇಳಿ. ಸರ್, ನೀವು ಮಾಡಿಸಿದ್ದು ಒಳ್ಳೆಯದಾಯಿತು.

ಮಂಡಿಪೇಟೆ ವ್ಯಾಪಾರಿ:

ಮೇಡಂ, ನೀವು ಹೇಳಿದ್ದು ಪುಸ್ತಕದಲ್ಲಿ ಸರಿ. ನಮ್ಮ ಅಣ್ಣನ ಮಗನಿಗೂ ಆಟಿಸಂ, 19 ವರ್ಷ, ಆರಡಿ ಎತ್ತರ. ಅವನು ಬಸ್‌ಸ್ಟ್ಯಾಂಡಿನಲ್ಲಿ ಯಾರದಾದರೂ ಸೆರಗು ಮುಟ್ಟಿದರೆ ಜನ ಅವನ ಮಿದುಳಿನ ಲೆಕ್ಕ ಕೇಳುವುದಿಲ್ಲ, ಹೊಡೆಯುತ್ತಾರೆ. ಚಿಕ್ಕವನಿದ್ದಾಗ "ಪಾಪ ಮಗು" ಅಂದ ಅದೇ ಜನ. ಅದಕ್ಕೇ ನಾವು ಕೈ ಮುಂದೆ ಹೋದಾಗೆಲ್ಲ ಹಿಡಿದು ಕೆಳಗಿಳಿಸುತ್ತೇವೆ. ಬೇರೆ ದಾರಿ ಇದ್ದರೆ ಹೇಳಿ. ನಾನು ವಾದಕ್ಕೆ ಬಂದಿಲ್ಲ, ಹೆದರಿಕೆಯಿಂದ ಕೇಳುತ್ತಿದ್ದೇನೆ.

ದುರ್ಗದ ಹುಡುಗಿ:

ನನಗೆ ಆಟಿಸಂ ಇದೆ. ಗೊತ್ತಾಗಿದ್ದು ಕೆಲಸಕ್ಕೆ ಸೇರಿದ ಮೇಲೆ. ಚಿತ್ರದುರ್ಗದವಳು, ಲೆಕ್ಕಪತ್ರದ ಕೆಲಸ. ಇಲ್ಲಿ ಅಪ್ಪ ಅಮ್ಮಂದಿರೇ ಮಾತಾಡುತ್ತಿದ್ದೀರಿ, ಕೈ ಇರುವವರ ಕಡೆಯಿಂದ ಒಬ್ಬರಾದರೂ ಹೇಳಬೇಕು ಅನ್ನಿಸಿತು.

ನನ್ನದು ಹೆಬ್ಬೆರಳಿನ ಉಗುರಿನಿಂದ ಉಳಿದ ಬೆರಳ ತುದಿಗಳನ್ನು ಒಂದೊಂದಾಗಿ ಒತ್ತುವುದು. ಕಿರುಬೆರಳಿನಿಂದ ಶುರುವಾಗಿ ತೋರುಬೆರಳಿಗೆ ಬಂದು ಮತ್ತೆ ಹಿಂದಕ್ಕೆ. ಮೀಟಿಂಗಿನಲ್ಲಿ ನಾಲ್ಕು ಜನ ಒಟ್ಟಿಗೆ ಮಾತಾಡಿದರೆ ಎಲ್ಲರ ಮಾತೂ, ಫ್ಯಾನಿನ ಸದ್ದೂ, ಹೊರಗಿನ ಹಾರ್ನೂ ನನಗೆ ಒಂದೇ ಜೋರಿನಲ್ಲಿ ಕೇಳುತ್ತವೆ. ಆಗ ಬೆರಳು ಒತ್ತಿಕೊಳ್ಳುವುದು ಜಾತ್ರೆಯ ನೂಕುನುಗ್ಗಲಿನಲ್ಲಿ ಅಮ್ಮನ ಕೈ ಹಿಡಿದುಕೊಂಡ ಹಾಗೆ. ಅದರ ಮೇಲೆ ನಿಂತು ಮಾತು ಕೇಳಿಸಿಕೊಳ್ಳುತ್ತೇನೆ. ಕೈ ಅಲ್ಲಾಡಿಸಬೇಡ ಅಂದರೆ ನನ್ನ ಪೂರ್ತಿ ಗಮನ ಕೈಯನ್ನು ಸುಮ್ಮನಿಡುವುದಕ್ಕೇ ಹೋಗುತ್ತದೆ. ಚೌಕಿಪೇಟೆ ಅಕ್ಕಾ, ನಿಮ್ಮ ಮಗ ಕೈ ಕಟ್ಟಿ ಕೂತ ದಿನ ಪಾಠ ಕೇಳುವುದಿಲ್ಲ ಅಂದಿರಲ್ಲ, ನನಗೆ ಅದು ಚೆನ್ನಾಗಿ ಗೊತ್ತು.

ಇದು ಬರೀ ಕಷ್ಟದಲ್ಲಿ ಮಾಡುವುದಲ್ಲ. ಖುಷಿಯಾದಾಗಲೂ ಮಾಡುತ್ತೇನೆ. ಕೋಟೆಗೆ ಹೋದರೆ ಗೋಡೆಯ ಕಲ್ಲುಗಳ ಕೂಡುವ ಗೆರೆಯ ಮೇಲೆ ಅಂಗೈ ಇಟ್ಟು ಏರುತ್ತೇನೆ. ಬಿಸಿಲು ಬಿದ್ದ ಕಲ್ಲು ಬೆಚ್ಚಗೆ, ತರಿತರಿ. ನೆರಳಿಗೆ ಬಂದ ಕೂಡಲೇ ತಣ್ಣಗೆ. ಜೊತೆಗೆ ಬಂದವರು ಫೋಟೋ ತೆಗೆಯುತ್ತಾರೆ, ನಾನು ಕೋಟೆಯನ್ನು ಕೈಯಲ್ಲಿ ನೋಡುತ್ತೇನೆ. ಅದರಲ್ಲಿ ತಿದ್ದುವಂಥದ್ದು ಏನೂ ಇಲ್ಲ.

2019ರಲ್ಲಿ ಆಟಿಸಂ ಇರುವ ದೊಡ್ಡವರನ್ನೇ ಕೂರಿಸಿ ಕೇಳಿದ ಒಂದು ಅಧ್ಯಯನ ಬಂತು. ಹೀಗೆ ಮತ್ತೆ ಮತ್ತೆ ಕೈ, ಮೈ ಆಡಿಸುವುದನ್ನು ನಿಲ್ಲಿಸುವುದೇ ಗುರಿಯಾಗಿರುವ ಚಿಕಿತ್ಸೆ ಬೇಡ ಅಂತ ಅವರು ಹೇಳಿದರು. ತಾಳಲಾಗದ ಭಾವನೆಯನ್ನು ಹಿಡಿತಕ್ಕೆ ತರಲು ಇದು ಬೇಕು ಅಂದರು. ಓದಿದಾಗ ನನಗೆ ಕಣ್ಣು ತುಂಬಿ ಬಂತು.

ಮಂಡಿಪೇಟೆ ಅಣ್ಣಾ, ನಿಮ್ಮ ಹೆದರಿಕೆ ನಿಜ. ಬೇರೆಯವರ ಮೈ, ಬೇರೆಯವರ ಬಟ್ಟೆ ಅವರದ್ದು. ಅದನ್ನು ಕಲಿಸಲೇಬೇಕು, ಅದರಲ್ಲಿ ರಿಯಾಯಿತಿ ಇಲ್ಲ. ಆದರೆ ಕೈ ಹಿಡಿದು ಕೆಳಗಿಳಿಸಿದರೆ ಅವನಿಗೆ "ಇದು ಬೇಡ" ಅಂತ ತಿಳಿಯುತ್ತದೆ, "ಮತ್ತೆ ಯಾವುದು" ಅನ್ನುವುದಕ್ಕೆ ಉತ್ತರ ಸಿಗುವುದಿಲ್ಲ. ಆ ಕೈಗೆ ಅವನದೇ ಒಂದು ವಸ್ತು ಕೊಡಿ. ನಾನು ಮೊಳಕಾಲ್ಮೂರು ರೇಷ್ಮೆಯ ಒಂದು ತುಂಡನ್ನು ಪರ್ಸಿನಲ್ಲಿ ಇಟ್ಟುಕೊಂಡಿರುತ್ತೇನೆ, ಅಂಚು ಸಮೇತ.

ಚಳ್ಳಕೆರೆ ಅಜ್ಜ:

ಅವ್ವ, ನೀನು ಬರೆದದ್ದು ಓದಿ ಬಾಳ ಸಂತೋಷ ಆಯ್ತು.

ನಮ್ಮ ಮೊಮ್ಮಗ ಕಂಬಳಿ ಬಿಡುವುದಿಲ್ಲ. ನಮ್ಮ ಕಡೆಯ ಕುರಿ ಉಣ್ಣೆಯ ಕರಿ ಕಂಬಳಿ, ಚುಚ್ಚುತ್ತದೆ, ಭಾರ. ಬೇರೆ ಮಕ್ಕಳು ಮೈಗೆ ಸೋಕಿಸಿಕೊಳ್ಳುವುದಿಲ್ಲ. ಇವನು ಏಪ್ರಿಲ್ ಬಿಸಿಲಲ್ಲೂ ಅದನ್ನು ಸುತ್ತಿಕೊಂಡು ಮೂಲೆಯಲ್ಲಿ ಕೂರುತ್ತಾನೆ, ಬೆವರು ಇಳಿಯುತ್ತಿರುತ್ತದೆ. ಬೆಂಗಳೂರಿನ ಮಗಳು ಆನ್‌ಲೈನಿನಲ್ಲಿ ಭಾರದ ಹೊದಿಕೆ ಸಿಗುತ್ತದೆ, ಅದನ್ನು ಹೊದಿಸಿದರೆ ನಿದ್ದೆ ಬರುತ್ತದೆ ಅಂತಾಳೆ. ಬೆಲೆ ಕೇಳಿ ಗಾಬರಿಯಾದೆ. ಕೊಡಿಸಲೇಬೇಕಾ?

ಥೆರಪಿಸ್ಟ್, ದಾವಣಗೆರೆ:

ಅಜ್ಜಾರೆ, ಬೇಡ. 2014ರಲ್ಲಿ ಬ್ರಿಟನ್ನಿನಲ್ಲಿ ಆಟಿಸಂ ಇರುವ 67 ಮಕ್ಕಳ ನಿದ್ದೆಯನ್ನು ಅಳೆದು ನೋಡಿದ್ದಾರೆ. ಭಾರದ ಹೊದಿಕೆಯಿಂದ ನಿದ್ದೆಯ ಹೊತ್ತು ಹೆಚ್ಚಲಿಲ್ಲ. ಆದರೆ ಮಕ್ಕಳಿಗೂ ಮನೆಯವರಿಗೂ ಅದು ಇಷ್ಟವಾಯಿತು. ಅಂದರೆ ಹಿತ ಇದೆ, ನಿದ್ದೆಗೆ ಮದ್ದಲ್ಲ. ಆ ಹಿತ ನಿಮ್ಮ ಕಂಬಳಿಯಲ್ಲಿ ಆಗಲೇ ಸಿಕ್ಕಿದೆ.

ಎರಡು ಎಚ್ಚರಿಕೆ ಮಾತ್ರ. ಹೊದಿಕೆಯನ್ನು ಮಗು ತಾನೇ ಎಳೆದುಕೊಳ್ಳಬೇಕು, ತಾನೇ ಕಿತ್ತೆಸೆಯಲು ಆಗಬೇಕು. ಬೇರೆಯವರು ಸುತ್ತಿ ಕಟ್ಟಬಾರದು, ಮುಖದ ಮೇಲೆ ಹಾಕಬಾರದು. ಕೆನಡಾದಲ್ಲಿ 2008ರಲ್ಲಿ ಶಾಲೆಯಲ್ಲಿ ಇಂಥ ಹೊದಿಕೆ ಸುತ್ತಿದ್ದ ಒಬ್ಬ ಹುಡುಗ ತೀರಿಕೊಂಡ. ಎರಡನೆಯದು ಸೆಕೆ. ಬೇಸಿಗೆಯಲ್ಲಿ ಕಂಬಳಿಯನ್ನು ಮಡಚಿ ತೊಡೆಯ ಮೇಲೆ ಇಡಿ. ಭಾರವೂ ಸಿಗುತ್ತದೆ, ಉಣ್ಣೆಯ ಚುಚ್ಚುವಿಕೆಯೂ ಸಿಗುತ್ತದೆ, ಮೈ ಗಾಳಿಗೆ ತೆರೆದಿರುತ್ತದೆ. ನೀರು ಆಗಾಗ ಕುಡಿಸಿ, ಕೆಲವು ಮಕ್ಕಳಿಗೆ ಬಾಯಾರಿಕೆ ಗೊತ್ತಾಗುವುದೂ ಕಡಿಮೆ.

ಒತ್ತಡ ತನ್ನ ಕೈಯಲ್ಲೇ ಇರಬೇಕು ಅನ್ನುವುದಕ್ಕೆ ಹಳೆಯ ಉದಾಹರಣೆ ಟೆಂಪಲ್ ಗ್ರಾಂಡಿನ್. ಆಟಿಸಂ ಇರುವ ಅಮೆರಿಕದ ಪ್ರಾಣಿ ವಿಜ್ಞಾನಿ. ಹರೆಯದಲ್ಲಿ ಚಿಕ್ಕಮ್ಮನ ದನದ ಫಾರಂನಲ್ಲಿ ಲಸಿಕೆ ಹಾಕುವಾಗ ದನಗಳನ್ನು ಎರಡು ಪಕ್ಕದಿಂದ ಒತ್ತಿ ನಿಲ್ಲಿಸುವ ಚೌಕಟ್ಟು ನೋಡಿದರು. ಕೆಲವು ದನ ಅದರೊಳಗೆ ಶಾಂತವಾದದ್ದು ಕಂಡು, 18ನೇ ವಯಸ್ಸಿನಲ್ಲಿ ತಮಗೆ ಅಂಥದ್ದೇ ಒಂದು ಯಂತ್ರ ಮಾಡಿಕೊಂಡರು. ಎಷ್ಟು ಒತ್ತಬೇಕು, ಯಾವಾಗ ಸಡಿಲಿಸಬೇಕು ಎನ್ನುವ ಹಿಡಿ ಅವರ ಕೈಯಲ್ಲೇ ಇತ್ತು. ಯಾರೋ ಬಲವಂತವಾಗಿ ಅಪ್ಪಿ ಹಿಡಿದುಕೊಂಡರೆ ಈ ಹಿತ ಸಿಗುವುದಿಲ್ಲ, ಭಯ ಆಗುತ್ತದೆ.

ಹರಿಹರದ ಅಪ್ಪ:

ಮೇಡಂ, ಅಂಗೈ ಒತ್ತಿ ಎಣಿಸುತ್ತಾ ಎಣ್ಣೆ ಹಚ್ಚಿದೆ. ಹತ್ತು ಅಂತ ಹೇಳಿದ್ದೆ. ಹತ್ತಕ್ಕೆ ನಿಲ್ಲಿಸಿದ ಮೇಲೆ ಅವಳೇ ನನ್ನ ಕೈ ತೆಗೆದು ತಲೆ ಮೇಲೆ ಇಟ್ಟುಕೊಂಡಳು.

ಒಂದು ಕಡೆ ಸೆನ್ಸರಿ ಪ್ಯಾಕೇಜ್ ಅಂತ ಹೇಳುತ್ತಿದ್ದಾರೆ. ಮೈಗೆ ಬ್ರಷ್ ಉಜ್ಜುವುದು, ಉಯ್ಯಾಲೆ, ಚೆಂಡಿನ ಕೊಳ. ಮೂರು ತಿಂಗಳ ದುಡ್ಡು ಮುಂಗಡ ಕಟ್ಟಬೇಕಂತೆ. ಸೇರಿಸಲಾ?

ಥೆರಪಿಸ್ಟ್, ದಾವಣಗೆರೆ:

ದುಡ್ಡು ಕಟ್ಟುವ ಮೊದಲು ಕೇಳಿ: ಮಗುವಿನ ದಿನದ ಯಾವ ಕೆಲಸ ಸುಲಭ ಆಗಬೇಕು ಅಂತ ಗುರಿ ಇಟ್ಟಿದ್ದೀರಿ, ಆಯಿತೋ ಇಲ್ಲವೋ ಅಂತ ಹೇಗೆ ನೋಡುತ್ತೀರಿ? ಉತ್ತರ ಇಲ್ಲದಿದ್ದರೆ ಕಟ್ಟಬೇಡಿ. ಈ ಚಿಕಿತ್ಸೆಯ ಮೂಲ ವಿಚಾರ ಅಮೆರಿಕದ ಆಕ್ಯುಪೇಷನಲ್ ಥೆರಪಿಸ್ಟ್ ಜೀನ್ ಏರ್ಸ್ ಅವರದ್ದು, ಅವರ ಪುಸ್ತಕ 1972ರಲ್ಲಿ ಬಂತು. ನಾನೂ ಅದನ್ನು ಓದಿಯೇ ಬಂದವಳು. ಆದರೂ ಹೇಳಬೇಕು, ಅಮೆರಿಕದ ಮಕ್ಕಳ ವೈದ್ಯರ ಅಕಾಡೆಮಿ 2012ರಲ್ಲಿ ಇದಕ್ಕೆ ಇರುವ ಪುರಾವೆ ಸೀಮಿತ ಅಂತ ಹೇಳಿತು, ಫಲ ಕಾಣುತ್ತಿದೆಯೇ ಅಂತ ಅಳೆಯುತ್ತಾ ಹೋಗಿ ಅಂತ ಸಲಹೆ ಕೊಟ್ಟಿತು. ಬ್ರಷ್ ಉಜ್ಜುವುದಕ್ಕಂತೂ ಪುರಾವೆ ಇನ್ನೂ ತೆಳು. ಹಗುರ ಸ್ಪರ್ಶ ಆಗದ ಮಗುವಿಗೆ ಅದು ಹಿಂಸೆಯೂ ಆಗಬಹುದು.

ಮನೆಯಲ್ಲೇ ಎಷ್ಟೋ ಇದೆ. ಚಪಾತಿ ಹಿಟ್ಟು ನಾದಿಸಿ. ನೀರಿನ ಕೊಡ ಹೊರಿಸಿ, ಅವಳು ಹೊರುವಷ್ಟು. ಒದ್ದೆ ಬಟ್ಟೆ ಹಿಂಡಿಸಿ. ಒಂದು ದೊಡ್ಡ ಟಬ್ಬಿಗೆ ಮಂಡಕ್ಕಿ ಸುರಿದು ಕೈಯಾಡಿಸಲು ಬಿಡಿ, ದಾವಣಗೆರೆ ಸೀಮೆಯಲ್ಲಿ ಮಂಡಕ್ಕಿಗೆ ಬರವೇ? ಅಗಿಯುವುದಕ್ಕೆ ಗಟ್ಟಿ ಆಹಾರ ಕೊಡಿ, ಸೌತೆಕಾಯಿ, ಕ್ಯಾರೆಟ್, ಒಣ ರೊಟ್ಟಿ. ಚೂರು ಕಿತ್ತು ನುಂಗುವ ಅಭ್ಯಾಸ ಇದ್ದರೆ ಮಾತ್ರ ಎದುರಿಗೇ ಕೂತಿರಿ.

ದಾವಣಗೆರೆಯಲ್ಲಿ ಕೇಂದ್ರ ಸರ್ಕಾರದ ಸಿ.ಆರ್.ಸಿ ಇದೆ, ವಿಕಲಚೇತನರಿಗಾಗಿಯೇ ಇರುವ ಪ್ರಾದೇಶಿಕ ಕೇಂದ್ರ. ಮೊದಲು ಅಲ್ಲಿ ತೋರಿಸಿ. 2016ರ ಅಂಗವಿಕಲರ ಹಕ್ಕು ಕಾಯ್ದೆಯ 21 ಬಗೆಗಳಲ್ಲಿ ಆಟಿಸಂ ಇದೆ, ಅಂಗವಿಕಲರ ಗುರುತಿನ ಚೀಟಿಯಾದ ಯು.ಡಿ.ಐ.ಡಿ ಕಾರ್ಡ್ ಮಾಡಿಸಿ. ಕೇಂದ್ರ ಸರ್ಕಾರದ ರಾಷ್ಟ್ರೀಯ ನ್ಯಾಸದ (ನ್ಯಾಷನಲ್ ಟ್ರಸ್ಟ್) ನಿರಾಮಯ ಆರೋಗ್ಯ ವಿಮೆಯಲ್ಲಿ ವರ್ಷಕ್ಕೆ 1 ಲಕ್ಷ ರೂಪಾಯಿವರೆಗೆ ಸಿಗುತ್ತದೆ, ಥೆರಪಿಯ ಖರ್ಚಿಗೂ ಅದರಲ್ಲಿ ಪಾಲಿದೆ.

ಹಿರಿಯೂರು ಅಕ್ಕ:

ಒಂದು ವಿಷಯ ಯಾರೂ ಹೇಳಿಲ್ಲ. ನನ್ನ ತಮ್ಮನಿಗೆ 17, ಮಾತು ಇಲ್ಲ. ಮೊದಲಿನಿಂದಲೂ ದವಡೆ ಸವರಿಕೊಳ್ಳುತ್ತಿದ್ದ, ಅದರಿಂದ ಯಾರಿಗೂ ತೊಂದರೆ ಇರಲಿಲ್ಲ. ಒಂದು ವಾರ ಇದ್ದಕ್ಕಿದ್ದಂತೆ ಅದೇ ಜಾಗಕ್ಕೆ ಮುಷ್ಟಿಯಿಂದ ಗುದ್ದಿಕೊಳ್ಳಲು ಶುರು ಮಾಡಿದ. ಬರೀ ಎಡಗಡೆ. ಊಟ ಬಿಟ್ಟ. ಕೆಲವರು ಹಟ ಅಂದರು, ಕೆಲವರು ಗಾಳಿ ಅಂದರು. ಅಮ್ಮ ಹಲ್ಲಿನ ಡಾಕ್ಟರ ಹತ್ತಿರ ಕರೆದುಕೊಂಡು ಹೋದಳು. ಒಳಗಿನ ಹಲ್ಲಿನ ಬುಡದಲ್ಲಿ ಕೀವು ತುಂಬಿತ್ತು. ಹಲ್ಲು ತೆಗೆದ ಮೇಲೆ ಗುದ್ದುವುದು ನಿಂತಿತು. ಸವರುವುದು ಇದೆ, ಇರಲಿ.

ಹಳೆಯ ಅಭ್ಯಾಸ ದಿಢೀರ್ ಅಂತ ಜೋರಾದರೆ, ಒಂದೇ ಪಕ್ಕಕ್ಕೆ ತಿರುಗಿದರೆ, ಗಾಯ ಆಗುತ್ತಿದ್ದರೆ ಮೊದಲು ಹಲ್ಲು, ಕಿವಿ, ಹೊಟ್ಟೆ ನೋಡಿಸಿ. ಮಲಬದ್ಧತೆಯನ್ನೂ ಕೇಳಿ. ನೋವು ಅಂತ ಬಾಯಲ್ಲಿ ಹೇಳಲು ಬಾರದವರು ಕೈಯಲ್ಲಿ ಹೇಳುತ್ತಾರೆ.

ಹೊಳಲ್ಕೆರೆ ಟೀಚರ್:

ಸರ್ಕಾರಿ ಶಾಲೆಯಲ್ಲಿ ಐದನೇ ತರಗತಿ ನನ್ನದು. ಒಬ್ಬ ಹುಡುಗ ಇದ್ದಾನೆ, ಗೋಡೆಗೆ ಬೆನ್ನು ಒತ್ತದೆ ಕೂರಲಾರ. ಅದಕ್ಕೆ ಗೋಡೆ ಪಕ್ಕದ ಜಾಗವೇ ಅವನದು. ಡೆಸ್ಕಿನ ಅಡಿಗೆ ಬ್ಯಾಗಿನ ವೆಲ್ಕ್ರೋ ಪಟ್ಟಿಯ ಒರಟು ತುಂಡನ್ನು ಅಂಟಿಸಿದ್ದೇನೆ. ಎಡಗೈ ಅಲ್ಲಿ, ಬಲಗೈಯಲ್ಲಿ ಪೆನ್ಸಿಲ್. ಲೆಕ್ಕದ ಪಿರಿಯಡ್ಡಿಗೆ ಮುಂಚೆ ಗಿಡಗಳಿಗೆ ನೀರಿನ ಬಕೆಟ್ ಹೊರುವ ಕೆಲಸ ಅವನಿಗೇ. ಬಿಸಿಯೂಟದ ತಟ್ಟೆಗಳ ಸದ್ದು ಅವನಿಗೆ ತಡೆಯುವುದಿಲ್ಲ, ಸ್ವಲ್ಪ ಮೊದಲೇ ಊಟಕ್ಕೆ ಕಳಿಸುತ್ತೇನೆ. ಉಳಿದ ಮಕ್ಕಳು "ಅವನಿಗೆ ಮಾತ್ರ ಯಾಕೆ" ಅಂತ ಒಂದು ದಿನ ಕೇಳಿದರು. ನಿನಗೆ ಕನ್ನಡಕ ಇದೆ, ಅವನಿಗೆ ಇದು ಅಂದೆ. ಅಷ್ಟಕ್ಕೇ ಮುಗಿಯಿತು.

ಚೌಕಿಪೇಟೆ ಅಮ್ಮ, ನೀವು ಶಾಲೆಯವರಿಗೆ ಬಾಯಿಮಾತಿನಲ್ಲಿ ಹೇಳಬೇಡಿ, ಪತ್ರ ಕೊಡಿ. ಥೆರಪಿಸ್ಟ್ ಕೈಯಿಂದ ಎರಡು ಸಾಲು ಬರೆಸಿ ಜೊತೆಗಿಡಿ. ನಮ್ಮಲ್ಲಿ ಕಾಗದಕ್ಕೆ ಇರುವ ಬೆಲೆಯೇ ಬೇರೆ.

ಚೌಕಿಪೇಟೆ ಅಮ್ಮ:

ಎಲ್ಲರಿಗೂ ಕೈ ಮುಗಿಯುತ್ತೇನೆ. ಪುಸ್ತಕದಲ್ಲಿ ಬರೆದಿಟ್ಟ ಮೇಲೆ ಒಂದು ಸಂಗತಿ ಗೊತ್ತಾಯಿತು. ಮೈಕ್ ಇರುವ ಕಡೆ, ಜನರೇಟರ್ ಸದ್ದಿನ ಕಡೆ ಸೆರಗಿನ ಹುಡುಕಾಟ ಜಾಸ್ತಿ. ಮದುವೆಯಲ್ಲೂ ಓಲಗ ಜೋರಾದಾಗಲೇ ಆ ಹೆಂಗಸಿನ ಸೆರಗು ಹಿಡಿದಿದ್ದ.

ಹಳೆಯ ಸೀರೆಯ ಜರಿ ಅಂಚನ್ನು ಗೇಣುದ್ದ ಕತ್ತರಿಸಿ, ದರ್ಜಿಗೆ ಕೊಟ್ಟು ಅವನ ಪ್ಯಾಂಟಿನ ಜೇಬಿನೊಳಗೆ ಒಂದು ತುದಿ ಹೊಲಿಸಿದೆ. ಗಂಟು ಇರುವ ತುದಿಯನ್ನು ಹೊರಗೆ ಬಿಡಿಸಿದೆ, ಅದೇ ಅವನಿಗೆ ಇಷ್ಟದ ಜಾಗ. ಮೊದಲು ಅದನ್ನು ನೋಡಲೇ ಇಲ್ಲ. ನನ್ನ ಸೆರಗು ಉಜ್ಜುವಾಗ ಅದರ ಜೊತೆಗೇ ಇದನ್ನೂ ಬೆರಳಿಗೆ ಕೊಡುತ್ತಾ ಬಂದೆ. ಈಗ ತರಕಾರಿ ಮಾರ್ಕೆಟ್ಟಿನಲ್ಲಿ ಕೈ ತಾನೇ ಜೇಬಿಗೆ ಹೋಗುತ್ತದೆ. ನನ್ನ ಕಿವಿಗೆ ಬರುವಾಗ "ಅಮ್ಮ, ಕಿವಿ?" ಅಂತ ಕೇಳುವುದು ಕಲಿಸುತ್ತಿದ್ದೇನೆ. ನಾನು ಕೆಲವೊಮ್ಮೆ "ಈಗ ಬೇಡ" ಅನ್ನುತ್ತೇನೆ, ಬೇಡ ಅನ್ನುವುದೂ ಅವನಿಗೆ ಅಭ್ಯಾಸ ಆಗಬೇಕಲ್ಲ. ಅವನಜ್ಜಿ ಮಾತ್ರ ಯಾವಾಗ ಬಂದರೂ ಕಿವಿ ಕೊಟ್ಟುಬಿಡುತ್ತಾರೆ. ಅವರ ಜೊತೆ ಮಾತು ನಡೆದಿದೆ.

ತಂಗೀ, ದುರ್ಗದವಳೇ, ನಿನ್ನ ಮಾತನ್ನು ಇವನ ಅಪ್ಪನಿಗೆ ಓದಿ ಹೇಳಿದೆ. ಎರಡು ಸಲ ಓದಿಸಿದರು.

ಮಂಡಿಪೇಟೆ ವ್ಯಾಪಾರಿ:

ಅಕ್ಕಾ, ಆ ದರ್ಜಿ ಕೈಲಿ ನಮಗೂ ಒಂದು ಹೊಲಿಸಿಕೊಡಿ. ನಮ್ಮವನು ದೊಡ್ಡವನು, ಜೇಬೂ ದೊಡ್ಡದು ಬೇಕು. 19 ವರ್ಷಕ್ಕೆ ತಡವಾಯಿತಾ ಮೇಡಂ?

ದುರ್ಗದ ಹುಡುಗಿ:

ಇಲ್ಲ ಅಣ್ಣಾ. ನಾನು ರೇಷ್ಮೆ ತುಂಡು ಇಟ್ಟುಕೊಳ್ಳಲು ಶುರು ಮಾಡಿದ್ದು ಅದಕ್ಕಿಂತ ದೊಡ್ಡವಳಾದ ಮೇಲೆ. ಬಟ್ಟೆ ಆರಿಸುವಾಗ ಅವನನ್ನೇ ಅಂಗಡಿಗೆ ಕರೆದುಕೊಂಡು ಹೋಗಿ, ಜನ ಕಡಿಮೆ ಇರುವ ಹೊತ್ತಿಗೆ. ಹತ್ತು ಬಗೆಯ ಅಂಚು ಮುಂದಿಡಿ. ಯಾವುದು ಅಂತ ಅವನ ಬೆರಳೇ ಹೇಳುತ್ತದೆ.

ಥೆರಪಿಸ್ಟ್, ದಾವಣಗೆರೆ:

ತಡ ಅನ್ನುವುದಿಲ್ಲ ಸರ್, ಸಮಯ ಸ್ವಲ್ಪ ಜಾಸ್ತಿ ಹಿಡಿಯಬಹುದು. ಬಸ್‌ಸ್ಟ್ಯಾಂಡಿಗೆ ಹೋಗುವ ಮೊದಲೇ ಕೈ ಜೇಬಿಗೆ ಹೋಗುವುದನ್ನು ಮನೆಯಲ್ಲಿ, ಆಮೇಲೆ ಬೀದಿಯಲ್ಲಿ ಅಭ್ಯಾಸ ಮಾಡಿಸಿ. ಗದ್ದಲದಲ್ಲಿ ನಿಂತು ಹೊಸದನ್ನು ಕಲಿಯುವುದು ಕಷ್ಟ.

ಹೊಲಿಸುವವರಿಗೆ ಒಂದು ಮಾತು. ಜರಿಯ ಎಳೆ ಬಿಚ್ಚಿಕೊಳ್ಳದ ಹಾಗೆ ಎರಡೂ ಬದಿ ಮಡಚಿ ಹೊಲಿಯಲು ಹೇಳಿ. ಬಿಚ್ಚಿದ ಎಳೆಯನ್ನು ಮಕ್ಕಳು ಬೆರಳಿಗೆ ಬಿಗಿಯಾಗಿ ಸುತ್ತಿಕೊಳ್ಳುತ್ತಾರೆ, ರಕ್ತ ಓಡಾಟ ನಿಂತು ಬೆರಳು ಊದಿಕೊಂಡದ್ದನ್ನು ನೋಡಿದ್ದೇನೆ. ಆಗಾಗ ಬೆರಳ ಸಂದಿ ನೋಡುತ್ತಿರಿ. ಒಂದೇ ಅಂಚಿನಿಂದ ಎರಡು ಮೂರು ತುಂಡು ಒಟ್ಟಿಗೆ ಮಾಡಿಸಿ, ಸರದಿಯಲ್ಲಿ ಒಗೆಯಿರಿ. ಒಂದೇ ಇದ್ದು ಅದು ಸವೆದುಹೋದರೆ, ಅದೇ ತರಿ ಇರುವ ಇನ್ನೊಂದನ್ನು ಚೌಕಿಪೇಟೆಯ ಅಷ್ಟೂ ಅಂಗಡಿಯಲ್ಲಿ ಹುಡುಕಬೇಕಾಗುತ್ತದೆ.